ಮಂಗಳವಾರದ ಕ್ರಾಪು

ಆ ಮಂಗಳವಾರ ದಾಸಪ್ಪ ಬೆಳಕು ಹರಿದ ಮೇಲೂ ಮಲಗಿದ್ದ. ಕ್ಲೋಸ್‌ಪೇಟೆಯಲ್ಲಿ ಮಂಗಳವಾರ ಯಾರೂ ತಲೆ ಕೊಡುವುದಿಲ್ಲ, ಗಡ್ಡವನ್ನೂ ಕೊಡುವುದಿಲ್ಲ. ಉಳಿದ ಆರು ದಿನ ರೈಲು ಸ್ಟೇಷನ್ನಿನ ಎದುರು ಹುಣಸೆಮರದ ಕೆಳಗೆ ಕುಕ್ಕರಗಾಲಲ್ಲಿ ಕೂತು ಅವನ ಮಂಡಿ ಹಿಡಿದಿರುತ್ತಿತ್ತು. ಮಂಗಳವಾರ ಮಂಡಿಗೆ ಹರಳೆಣ್ಣೆ ತಿಕ್ಕಿಸಿಕೊಂಡು ಕಾಲು ಚಾಚುವುದೇ ಅವನಿಗೆ ಹಬ್ಬ.

ಅವನ ಹೆಂಡತಿ ಮುನಿಯಮ್ಮ ಅಷ್ಟು ಹೊತ್ತಿಗೆ ಎರಡು ಮನೆಯ ಹಸುಗೂಸುಗಳಿಗೆ ನೀರು ಹಾಕಿ ಬಂದಿದ್ದಳು. ಗಂಡ ಊರಿನ ತಲೆ ನೋಡಿದರೆ ಹೆಂಡತಿ ಊರಿನ ಹೆರಿಗೆ ನೋಡುತ್ತಾಳೆ. ಅವರ ಮನೆತನದ ಕಸುಬು ಅದು. ಅವಳಿಗೆ ಆಗ ನಲವತ್ತೆರಡು. ಬಂದವಳು ಬಾಗಿಲು ಮುಂದಕ್ಕೆಳೆದು, ತಲೆಯ ಮೇಲಿನ ಸೆರಗು ತೆಗೆದು ಗಂಡನ ಕಾಲ ಬಳಿ ಕೂತಳು.

ಬೇಸಿಗೆಯ ಕೊನೆಯಲ್ಲಿ ಬಂದ ಜ್ವರ ಅವಳನ್ನು ಹದಿನೆಂಟು ದಿನ ಮಲಗಿಸಿತ್ತು. ಜೀವ ಉಳಿಯಿತು. ಎರಡು ತಿಂಗಳಾದ ಮೇಲೆ ಕೂದಲು ಉದುರಲು ಶುರುವಾಯಿತು. ಬಾಚಣಿಗೆಯಲ್ಲಿ ಕೂದಲು, ಚಾಪೆಯಲ್ಲಿ ಕೂದಲು, ಮುದ್ದೆಯಲ್ಲೂ ಕೂದಲು. ಸೊಂಟ ಮುಟ್ಟುತ್ತಿದ್ದ ಜಡೆ ಇಲಿಬಾಲವಾಯಿತು. ಕಿವಿಯ ಮೇಲೆ ಬುರುಡೆ ಕಾಣುತ್ತಿತ್ತು. ಸಂತೆಯಲ್ಲಿ ಚೌರಿ ಕೊಂಡು ತಂದು ಕಟ್ಟಿಕೊಂಡಳು. ಅದು ಹಿಡಿದುಕೊಳ್ಳಲು ಕೂದಲೇ ಇಲ್ಲದೆ, ಮಜ್ಜಿಗೆ ಕಡೆಯುವಾಗ ಕಳಚಿ ಮಡಕೆಗೆ ಬಿತ್ತು. ದಾಸಪ್ಪ ಎರಡು ದಿನ ನಕ್ಕಿದ್ದ.

ನಾಳೆ ಬುಧವಾರ ಚನ್ನಪಟ್ಟಣದಲ್ಲಿ ಮಗಳಿಗೆ ಬಳೆ ತೊಡಿಸುವ ಶಾಸ್ತ್ರ. ಒಬ್ಬಳೇ ಮಗಳು ವೆಂಕಟಲಕ್ಷ್ಮಿ, ಮೊದಲ ಬಸಿರು, ಏಳು ತಿಂಗಳು. ನಾಲ್ಕು ಊರಿನ ಹೆಂಗಸರು ಸೇರುತ್ತಾರೆ.

"ನನ್ ತಲೆಗೊಂದು ಗತಿ ಕಾಣ್ಸು," ಎಂದಳು ಮುನಿಯಮ್ಮ.

"ಇವತ್ತಾ? ಮಂಗಳವಾರ ಕಣಮ್ಮಿ."

"ನಾಳೆ ಹೊತ್ತುಟ್ಟಕ್ಕೇ ರೈಲು. ರೈಲಲ್ಲಿ ಮಾಡ್ತೀಯಾ?"

ದಾಸಪ್ಪ ಎದ್ದು ಕೂತ. ಬ್ರಾಹ್ಮಣರ ಕೇರಿಯಲ್ಲಿ ಗಂಡ ಸತ್ತವರ ತಲೆ ಬೋಳಿಸಿದ್ದು ಬಿಟ್ಟರೆ ಅವನು ಹೆಣ್ಣಿನ ತಲೆ ಮುಟ್ಟಿದವನಲ್ಲ. ಆ ಕೆಲಸ ಮಾಡಿ ಬಂದ ದಿನ ಅವನು ಊಟ ಮಾಡುತ್ತಿರಲಿಲ್ಲ. ಹೆಂಡತಿಯ ತಲೆಯನ್ನು ಸುಮಾರು ಹೊತ್ತು ನೋಡಿದ. ಆಮೇಲೆ ತನ್ನ ಹಡಪ ಎಳೆದುಕೊಂಡು, ಕತ್ತಿಯನ್ನು ಪಕ್ಕಕ್ಕಿಟ್ಟು ಕತ್ತರಿ ತೆಗೆದ.

"ಮಂಗಳವಾರ ಕತ್ತಿಗೆ ರಜ. ಕತ್ತರಿಗೆ ಯಾರೂ ಏನೂ ಹೇಳಿಲ್ಲ," ಎಂದ.

ಪ್ರಾಯದಲ್ಲಿ ಅವನು ಆರು ವರ್ಷ ಬೆಂಗಳೂರಿನ ದಂಡಿನಲ್ಲಿ ಸೋಲ್ಜರುಗಳಿಗೆ ಕ್ರಾಪು ಹೊಡೆದವನು. ಯಾವ ಮುಖಕ್ಕೆ ಎಷ್ಟು ಕೂದಲು ಬಿಡಬೇಕು ಎನ್ನುವುದು ಅವನ ಕೈಗೆ ಗೊತ್ತಿತ್ತು. ಅವಳ ಗದ್ದ ಹಿಡಿದು ಮುಖವನ್ನು ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ. ಕನ್ನಡಿ ಅವಳ ಕೈಗೆ ಕೊಟ್ಟು, ತನ್ನ ಅಂಗೈಯನ್ನು ಅವಳ ಭುಜದ ಮೇಲೆ ಅಡ್ಡ ಹಿಡಿದ.

"ಇಲ್ಲೀಗಂಟ ಬುಡಾನಾ?"

"ಬ್ಯಾಡ. ನಾಟಕದಲ್ಲಿ ಹೆಣ್ಣು ಯಾಸ ಹಾಕೋನಂಗೆ ಕಾಣ್ತೀನಿ."

ಕೈ ಮೇಲೆ ಬಂತು. "ಇಲ್ಲಿ?"

"ಬುರುಡೆ ಕಾಣದಂಗೆ ಮಾಡು. ಏನಾರಾ ಮಾಡು."

"ಉದ್ದ ಬುಟ್ಟಷ್ಟೂ ಬುರುಡೆ ಕಾಣ್ತದೆ. ಗಿಡ್ಡ ಮಾಡುದ್ರೆ ಇರೋದೇ ಒತ್ತಾಗಿ ನಿಲ್ತದೆ. ನಿಂದು ದವಡೆ ಅಗಲ. ಕಿವಿ ಕೆಳಕ್ಕೆ ಎರಡ್ ಬೆಟ್ಟು ಬುಟ್ರೆ ಸಣ್ಣಕ್ಕೆ ಕಾಣ್ತದೆ. ಮುಂದ್ಗಡೆ ಒಸಿ ಹಣೆ ಮ್ಯಾಲಕ್ಕೆ ಇಳೀಲಿ."

"ಇಪ್ಪತ್ತಾರು ವರ್ಷ ಆಯ್ತು. ದವಡೆ ಅಗಲ ಅಂತ ಇವತ್ತು ಗೊತ್ತಾಯ್ತಾ?"

"ಮೊದ್ಲೇ ಗೊತ್ತಿತ್ತು. ಹಿಟ್ಟಿಕ್ಕೋಳ್ಗೆ ಹೇಳಕ್ಕಾಯ್ತದಾ? ಈಗ ಬಾಯ್ ಮುಚ್ಚು. ಗಿರಾಕಿ ಮಾತಾಡ್ಬಾರ್ದು."

ಅವನು ಬಿಸಿಲು ನೆತ್ತಿಗೆ ಬರುವ ತನಕ ಕತ್ತರಿಸಿದ. ಊರಿನವರಿಗೆ ಇಷ್ಟು ಹೊತ್ತು ಹಿಡಿದಿದ್ದರೆ ಬೈಸಿಕೊಳ್ಳುತ್ತಿದ್ದ. ಕೊನೆಗೆ ಅವಳ ಕುತ್ತಿಗೆಯ ಹಿಂದೆ ಬಾಯಿಂದ ಗಾಳಿ ಊದಿ ಕೂದಲು ಹಾರಿಸಿದ. ಗಿರಾಕಿಗಳಿಗೂ ಹಾಗೇ ಮಾಡುತ್ತಿದ್ದ. ಮುನಿಯಮ್ಮ ಕನ್ನಡಿ ನೋಡಿದಳು. ಎದುರಿಗೆ ಇದ್ದವಳು ಜ್ವರದಿಂದ ಎದ್ದವಳಾಗಿರಲಿಲ್ಲ. ಕೆನ್ನೆ ತುಂಬಿದಂತಿತ್ತು. ಕಣ್ಣು ದೊಡ್ಡದಾಗಿತ್ತು. ಅವಳು ಕನ್ನಡಿಯನ್ನು ಕೆಳಗಿಟ್ಟು ಮತ್ತೆ ತೆಗೆದುಕೊಂಡಳು.

"ಎಂಗೈತೆ?" ಎಂದು ಅವನು ಕೇಳಿದ.

"ಪರ್ವಾಗಿಲ್ಲ," ಎಂದಳು. ಚೆನ್ನಾಗಿದೆ ಎಂದು ಬಾಯಿ ತುಂಬ ಹೇಳಬಹುದಿತ್ತು. ಹೇಳಲಿಲ್ಲ. ನಾಳೆ ಬಂದು ಹೇಳಿದರಾಯಿತು ಎಂದುಕೊಂಡಳು.

ಹುರುಳಿಕಾಳಿನ ಬಸ್ಸಾರು, ಮುದ್ದೆ ಉಂಡರು. ಅವನು ಮಲಗಿ ಗೊರಕೆ ಹೊಡೆದ. ಅಷ್ಟೇ ಆ ದಿನ.

ಬುಧವಾರ ಚನ್ನಪಟ್ಟಣದಲ್ಲಿ ಹೆಂಗಸರು ಅವಳ ತಲೆಯನ್ನು ತಿರುತಿರುಗಿ ನೋಡಿದರು. ಮಗಳು ಹಸಿರು ಬಳೆ ತುಂಬಿದ ಕೈಯಿಂದ ತಾಯಿಯ ಕೂದಲು ಮುಟ್ಟಿ, "ಅವ್ವಾ, ನನ್ ಅಕ್ಕನಂಗೆ ಕಾಣ್ತೀಯ ಕಣೆ," ಎಂದಳು. ಮಗಳ ಅತ್ತೆ ಗಂಗಲಕ್ಷ್ಮಮ್ಮ ಹತ್ತಿರ ಬಂದಳು. ಅವರ ಮನೆಯದೂ ಇದೇ ಕಸುಬು.

"ಕ್ರಾಪು ಚೆಂದಾಗೈತೆ ಬೀಗ್ತಿ. ಯಾವಾಗ ಹೊಡ್ಸಿದ್ದು?"

"ನೆನ್ನೆ," ಎಂದಳು ಮುನಿಯಮ್ಮ.

ಆ ಒಂದು ಮಾತು ಬಾಯಿಂದ ಹೋಯಿತು. ಗಂಗಲಕ್ಷ್ಮಮ್ಮ ಬೆರಳು ಮಡಿಸಿ ವಾರ ಎಣಿಸಿದಳು. ಒಳಗೆ ಹೋದಳು.

ಸಂಜೆ ರೈಲಿಗೆ ಮುನಿಯಮ್ಮ ವಾಪಸು ಬಂದಾಗ ದಾಸಪ್ಪ ಕಂಬಳಿ ಹೊದ್ದು ಕೂತಿದ್ದ. ಸೋಮವಾರ ಬೆಂಗಳೂರಿನಿಂದ ಬಂದವನೊಬ್ಬ ಕ್ಷೌರ ಮಾಡಿಸಿಕೊಳ್ಳುತ್ತ ಮುಖದ ಮೇಲೆಯೇ ಕೆಮ್ಮಿದನೆಂದು ಹೇಳಿದ. ಅದು ಮೊದಲ ಮಹಾಯುದ್ಧ ಮುಗಿಯುವ ಹೊತ್ತಿನ ದೊಡ್ಡ ಜ್ವರದ ವರ್ಷ. ಬೇಸಿಗೆಯಲ್ಲಿ ಬಂದಾಗ ಅದು ಜನರನ್ನು ಮಲಗಿಸಿ ಬಿಟ್ಟಿತ್ತು. ಈ ಸಲ ಬಿಡಲಿಲ್ಲ. ಶುಕ್ರವಾರ ಅವನ ತುಟಿ ನೀಲಿಯಾಯಿತು. ಭಾನುವಾರ ಮಧ್ಯಾಹ್ನ ಸತ್ತ. ಆ ವಾರ ಅವರ ಬೀದಿಯಲ್ಲೇ ಒಂಬತ್ತು ಹೆಣ ಎದ್ದವು. ಹೊರಲು ನಾಲ್ಕು ಜನ ಸಿಗಲಿಲ್ಲ, ಮೂವರೇ ಹೊತ್ತರು. ಸತ್ತವನ ಮುಖಕ್ಕೆ ಕತ್ತಿ ಹಾಕಲು ಬರುವವರೂ ಇರಲಿಲ್ಲ. ಬೆಳೆದ ಗಡ್ಡದಲ್ಲೇ ಅವನನ್ನು ಮಣ್ಣು ಮಾಡಿದರು.

ಎಂಟು ಮನೆಗಳು ಜ್ವರ ಅಂದವು. ಮುನಿಯಮ್ಮನ ಮನೆಯ ಸಾವಿಗೆ ಮಾತ್ರ ಬೇರೆ ಕಾರಣ ಸಿಕ್ಕಿತು.

ಹನ್ನೊಂದನೆಯ ದಿನ ಅವಳ ಬಳೆ ಒಡೆದರು, ಕುಂಕುಮ ಒರೆಸಿದರು. ತಿಥಿಯ ಊಟ ಮುಗಿದ ಮೇಲೆ ಗಂಗಲಕ್ಷ್ಮಮ್ಮ ಜಗಲಿಯ ಮೇಲೆ ಕೂತು ಎಲೆಯಡಿಕೆ ಹಾಕಿಕೊಂಡಳು.

"ಮಗಳನ್ನ ಯಾವತ್ತು ಕಳಿಸ್ತೀರಿ?" ಎಂದು ಮುನಿಯಮ್ಮ ಕೇಳಿದಳು. ಚೊಚ್ಚಲು ಹೆರಿಗೆ ತವರಿನದು. ಅವಳೋ ಊರಿಗೆಲ್ಲ ಹೆರಿಗೆ ಮಾಡಿಸುವವಳು.

"ಕಳಿಸ್ತೀವಿ. ನೀನು ಕೆಂಗಲ್ ಹನುಮಪ್ಪನ ತಾವ ಹೋಗಿ ತಲೆ ಬೋಳುಸ್ಕೊಂಡು, ತಪ್ಪಾಯ್ತು ಅಂತ ಅಡ್ಡಬಿದ್ದು ಬಾ. ಆವತ್ತೇ ಕಳಿಸ್ತೀವಿ."

"ಗಂಡ ಸತ್ತೋರ ತಲೆ ಬೋಳ್ಸೋ ಪದ್ಧತಿ ನಮ್ಮಲ್ಲಿ ಇಲ್ಲವಲ್ಲ ಬೀಗ್ತಿ."

"ಮುತ್ತೈದೆ ಮಂಗಳವಾರ ಕತ್ತರಿ ಹಾಕುಸ್ಕೊಳ್ಳೋ ಪದ್ಧತಿ ಇತ್ತಾ? ರಂಡೇರ ತಲೆ ಬೋಳ್ಸೋ ಕೈಲೇ ಹೆಂಡ್ರು ತಲೆ ಕತ್ತರಿಸ್ದ. ಐದ್ ದಿನಕ್ಕೆ ಹೋದ. ನಾನ್ ಹೇಳ್ತಿಲ್ಲ, ಊರೇ ಹೇಳ್ತಾ ಐತೆ. ಆ ಕೂದ್ಲು ನಿನ್ ತಲೆ ಮ್ಯಾಲೆ ಇರಗಂಟ ನಮ್ ಸೊಸೆ ನಿನ್ ಹೊಸಲು ತುಳಿಯಕಿಲ್ಲ. ಹುಟ್ಟೋದ್ನ ನೀನು ಮುಟ್ಟಂಗಿಲ್ಲ."

ಗಂಗಲಕ್ಷ್ಮಮ್ಮ ಕೆಟ್ಟವಳಲ್ಲ. ತನ್ನ ಮನೆಯ ಬಸುರಿಗೆ ಹೆದರಿದ್ದಳು. ಆ ವರ್ಷ ಎಲ್ಲರೂ ಯಾವುದಕ್ಕಾದರೂ ಹೆದರಿದ್ದರು.

ಮಾರನೆಯ ವಾರ ಮುನಿಯಮ್ಮ ತಂಬಿಗೆಯಲ್ಲಿ ನೀರು ಇಟ್ಟುಕೊಂಡು, ಗಂಡನ ಕತ್ತಿ ಮಸೆದು, ಹಿತ್ತಲಲ್ಲಿ ಕೂತಳು. ಮಗಳಿಗಾಗಿ ಕೂದಲೇನು, ಕೈಯನ್ನೇ ಕೊಟ್ಟಾಳು. ತಲೆ ನೆನೆಸಿಕೊಂಡಳು. ಕತ್ತಿ ಹಣೆಗೆ ಇಟ್ಟಳು. ಅಲ್ಲಿ ಕೂದಲು ಅವನು ಹೇಳಿದಂತೆಯೇ ಒಸಿ ಇಳಿದಿತ್ತು. ಇದನ್ನು ತೆಗೆದರೆ ಏನೆಂದು ತೆಗೆದ ಹಾಗಾಯಿತು? ಅವನ ಕೈ ಅವನನ್ನೇ ಕೊಂದಿತು ಎಂದು ಒಪ್ಪಿದ ಹಾಗಾಯಿತು. ಇಪ್ಪತ್ತಾರು ವರ್ಷದಲ್ಲಿ ಅವನು ಒಂದು ಬೆಳಗು ಪೂರ್ತಿ ಅವಳ ಮುಖ ನೋಡಿದ್ದು ಅದೊಂದೇ ದಿನ. ಅದನ್ನು ಪಾಪ ಎಂದು ಹನುಮಪ್ಪನ ಮುಂದೆ ಹೇಳಬೇಕಾಗಿತ್ತು.

ಕತ್ತಿ ಕೆಳಗಿಟ್ಟಳು. ನೀರು ಚೆಲ್ಲಿದಳು.

ಸುದ್ದಿ ತರುವವನು ರಸೂಲ್ ಸಾಬಿ. ಚನ್ನಪಟ್ಟಣದಲ್ಲಿ ಅವನ ಮನೆ ಮಗಳ ಮನೆಯಿಂದ ಮೂರನೆಯದು. ರೇಷ್ಮೆಗೂಡು ಕೊಳ್ಳಲು ದಿನವೂ ನಸುಕಿಗೇ ಜಟಕಾ ಕಟ್ಟಿಕೊಂಡು ಕ್ಲೋಸ್‌ಪೇಟೆಗೆ ಬಂದು, ಬಿಸಿಲೇರುವ ಮುಂಚೆ ವಾಪಸು ಹೋಗುತ್ತಿದ್ದ. ದಾಸಪ್ಪನ ಹಳೆಯ ಗಿರಾಕಿ. ಒಂದು ದಿನ ಗಾಡಿಯಿಂದ ಇಳಿಯದೆಯೇ ಮಾತಾಡಿದ.

"ಅಕ್ಕಾ, ಬೇಟಿ ಹೇಳಿ ಕಳಿಸೌಳೆ. ಅವ್ವ ಬೋಳುಸ್ಕೊಂಡ್ಬುಡ್ಲಿ, ನಂಗೆ ಭಯ ಆಯ್ತದೆ ಅಂತ."

"ಅಳ್ತಾ ಇದ್ಲಾ?"

"ಹೂಂ."

"ಅವಳ ಅತ್ತೆ ಪಕ್ಕದಲ್ಲಿದ್ಲಾ?"

ರಸೂಲ್ ಕುದುರೆಯ ಕಿವಿ ನೋಡಿದ. "ಇದ್ರು."

"ಅಲ್ಲಿ ಮಾಯಮ್ಮ ಅಂತ ಸೂಲಗಿತ್ತಿ ಅವಳೆ. ನನ್ಗಿಂತ ಒಳ್ಳೆ ಕೈ ಅವಳ್ದು. ಅವಳ್ನ ಕರಿಸ್ಕೊಳಾಕೆ ಹೇಳು. ಮಗಳಿಗೆ ಇನ್ನೊಂದು ಹೇಳು. ನಿಮ್ಮಪ್ಪ ಜ್ವರದಲ್ಲಿ ಸತ್ತ. ಅಷ್ಟೇ ಹೇಳು."

ಕಾರ್ತಿಕದಲ್ಲಿ ವೆಂಕಟಲಕ್ಷ್ಮಿ ಹೆತ್ತಳು. ಹೆಣ್ಣು ಕೂಸು. ಮಾಯಮ್ಮನ ಕೈಯಲ್ಲಿ ಸುಸೂತ್ರ ಆಯಿತು. ಮುನಿಯಮ್ಮ ರೈಲು ಹತ್ತಿ ಹೋದಳು. ಗಂಗಲಕ್ಷ್ಮಮ್ಮ ಬಾಗಿಲಲ್ಲೇ ನಿಂತು ಅವಳ ತಲೆ ನೋಡಿ, ಬಾಗಿಲು ಹಾಕಿಕೊಂಡಳು. ಒಳಗೆ ಕೂಸು ಅಳುವುದು ಕೇಳಿತು. ಅಳುವಿನ ಗತ್ತಿನಲ್ಲೇ ಗೊತ್ತಾಯಿತು, ಎದೆ ಗಟ್ಟಿ ಇದೆ, ಹಸಿವಿಗೆ ಅಳುತ್ತಿದೆ ಎಂದು. ಅಷ್ಟು ತಿಳಿದುಕೊಂಡು ವಾಪಸು ಬಂದಳು. ಕ್ಲೋಸ್‌ಪೇಟೆಯಲ್ಲೂ ಅವಳನ್ನು ಹೆರಿಗೆಗೆ ಕರೆಯುವುದು ಕಡಿಮೆಯಾಯಿತು. ದಾರಿ ಕಾಣದ ಬಡವರು ಮಾತ್ರ ಕರೆದರು.

ಕೂದಲು ಯಾರ ಮಾತೂ ಕೇಳಲಿಲ್ಲ. ಉದುರಿದ ಕಡೆಯೆಲ್ಲ ಹೊಸದು ಹುಟ್ಟಿತು, ಒತ್ತಾಗಿ. ದೀಪಾವಳಿಗೆ ದವಡೆ ದಾಟಿತ್ತು, ಸಂಕ್ರಾಂತಿಗೆ ಭುಜ ಮುಟ್ಟಿತು. ಹಣೆಯ ಮೇಲೆ ಇಳಿದದ್ದು ಕಣ್ಣಿಗೆ ಬಂದು ಹಿಂದಕ್ಕೆ ಹೋಯಿತು. ಅವನು ಬಿಟ್ಟಿದ್ದ ಅಳತೆ ದಿನ ದಿನವೂ ಅಳಿಸುತ್ತ ಹೋಯಿತು. ಮತ್ತೆ ಹಾಗೆ ಕತ್ತರಿಸಲು ಬಲ್ಲವನು ಇರಲಿಲ್ಲ. ಬೋಳಿಸದೆ ಉಳಿಸಿಕೊಂಡದ್ದು ಏನು ಎಂದು ಯಾರಾದರೂ ಕೇಳಿದ್ದರೆ ತೋರಿಸಲು ಅವಳ ತಲೆಯ ಮೇಲೆ ಏನೂ ಇರಲಿಲ್ಲ. ಈಗ ಎಲ್ಲರ ಹಾಗೆ ಗಂಟು ಕಟ್ಟುತ್ತಾಳೆ. ಗಂಟು ಬಂದ ಮೇಲಾದರೂ ಕರೆಯುತ್ತಾರೆಂದು ಕಾದಳು. ಹನುಮಪ್ಪನಿಗೆ ಅಡ್ಡಬೀಳದವಳು ಅಡ್ಡಬೀಳದವಳೇ ಎಂದು ಗಂಗಲಕ್ಷ್ಮಮ್ಮ ಹೇಳಿ ಕಳಿಸಿದಳು.

ಕೂಸು ಹುಟ್ಟಿದ ಐದನೆಯ ದಿನದಿಂದ ಮುನಿಯಮ್ಮ ಒಂದು ಕೆಲಸ ಹಿಡಿದಿದ್ದಾಳೆ. ಕೋಳಿ ಕೂಗುವಾಗ ಎದ್ದು ಒಲೆ ಹಚ್ಚುತ್ತಾಳೆ. ಮೆಣಸು, ಬೆಳ್ಳುಳ್ಳಿ, ಒಣಶುಂಠಿ ಕುಟ್ಟಿ, ಬಾಣಂತಿಗೆ ಕೊಡುವ ಖಾರದ ಸಾರು ಕಾಯಿಸುತ್ತಾಳೆ. ಮೇಲೆ ಒಂದು ಚಮಚ ತುಪ್ಪ. ಹಿತ್ತಾಳೆ ಚೆಂಬಿಗೆ ಸುರಿದು, ಬಾಯಿಗೆ ಬಾಳೆಲೆ ಕಟ್ಟಿ, ಗೂಡಿನ ವ್ಯಾಪಾರ ನಡೆಯುವ ಕಡೆ ಹೋಗಿ ರಸೂಲನ ಗಾಡಿಯಲ್ಲಿಡುತ್ತಾಳೆ. ಮಾರನೆಯ ದಿನ ಚೆಂಬು ಖಾಲಿಯಾಗಿ, ತೊಳೆದು ಬರುತ್ತದೆ. ಮಗಳು ಕುಡಿಯುತ್ತಾಳೋ, ಅವಳ ಅತ್ತೆ ಬಚ್ಚಲಿಗೆ ಸುರಿಯುತ್ತಾಳೋ, ಅವಳು ಕೇಳಿಲ್ಲ. ರಸೂಲನೂ ಹೇಳಿಲ್ಲ.

ಬಾಣಂತಿಗೆ ಮೂರು ತಿಂಗಳು ಕೊಟ್ಟರೆ ಸಾಕು. ಕೂಸಿಗೆ ಈಗ ಹಲ್ಲು ಬಂದಿದೆಯಂತೆ, ಗೋಡೆ ಹಿಡಿದು ನಿಲ್ಲುತ್ತದಂತೆ. ಇವತ್ತೂ ಅವಳು ಬೆಳ್ಳುಳ್ಳಿ ಬಿಡಿಸಿದಳು, ಕುಟ್ಟಿದಳು, ಚೆಂಬಿಗೆ ಸುರಿದು ಎಲೆ ಕಟ್ಟಿದಳು.