ಹಿಂದಿನ ಮೇಜಿನ ಹಸಿರು ಮುಖ

ನಮ್ಮ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಹಳೆಯ ಸಿನಿಮಾಗಳನ್ನು ತೊಳೆದು, ಹರಿದದ್ದನ್ನು ಅಂಟಿಸಿ, ಕಂಪ್ಯೂಟರಿಗೆ ಏರಿಸುವ ಲ್ಯಾಬ್ ನಮ್ಮದು. ಅಲ್ಲಿ ಚಿತ್ರಗಳಿಗೆ ಬಣ್ಣ ಕೂರಿಸುವುದು ಅವರ ಕೆಲಸ. ನಲವತ್ತು ವರ್ಷ ಅದನ್ನೇ ಮಾಡಿದವರು, ಯಾರು ಏನು ಮಾಡಿದರೂ ಒಂದು ತಪ್ಪು ಹಿಡಿಯುವವರು, ಹಾಗಾಗಿ ಎಲ್ಲರ ಬಾಯಲ್ಲೂ ಮೇಷ್ಟ್ರು. ಅವರ ಕೋಣೆಯ ಗೋಡೆ ಬೂದು, ಕುರ್ಚಿ ಬೂದು, ಕೊನೆಗೆ ಕಸದ ಬುಟ್ಟಿಯೂ ಬೂದು. ಸುತ್ತ ಬೇರೆ ಬಣ್ಣವಿದ್ದರೆ ಕಣ್ಣು ಮೋಸಹೋಗುತ್ತದೆ ಎಂದು ಅವರ ವಾದ. ಕೆಲಸಕ್ಕೆ ಸೇರಿದ ದಿನ ನಾನು ಹಳದಿ ಅಂಗಿ ತೊಟ್ಟು ಒಳಗೆ ಹೋದರೆ, ನನ್ನ ಮುಖವನ್ನೂ ನೋಡದೆ ಬಾಗಿಲ ಹಿಂದೆ ನೇತುಹಾಕಿದ್ದ ಬೂದು ಕೋಟು ತೋರಿಸಿದರು.

"ಅದನ್ನ ಹಾಕ್ಕೊಂಡು ಬಾಮ್ಮ. ನಿನ್ನ ಅಂಗಿ ನನ್ನ ನಾಯಕಿ ಕೆನ್ನೆಗೆ ಮೆತ್ತಿಕೊಳ್ತಾ ಇದೆ."

ಟ್ಯೂಬ್‌ಲೈಟ್ ಕಂಡರಂತೂ ಅವರಿಗೆ ಆಗಿಬರುತ್ತಿರಲಿಲ್ಲ. ಬಟ್ಟೆ ಅಂಗಡಿಯಲ್ಲಿ ಅಂಗಿ ಆರಿಸಿದರೆ ಅದನ್ನು ಬೀದಿಗೆ ಒಯ್ದು ಬಿಸಿಲಿಗೆ ಹಿಡಿದು ನೋಡಬೇಕು. ಕಳ್ಳನೆಂದು ತಿಳಿದು ಅಂಗಡಿಯವನು ಹಿಂದೆ ಓಡಿಬರಬೇಕು. ಅವರ ಹೆಂಡತಿ ಅದಕ್ಕೇ ಜೊತೆಗೆ ಹೋಗುವುದನ್ನು ಬಿಟ್ಟಿದ್ದರಂತೆ. ಇಂಥ ಮನುಷ್ಯ ನಮ್ಮ ಮನೆಗೆ ಮಾಡಿದ ಉಪಕಾರವನ್ನು ನಾನು ಏಳು ಜನ್ಮ ಎತ್ತಿದರೂ ತೀರಿಸಲಾರೆ.

ಸೇರಿದ ಮೂರನೇ ವಾರ ಒಂದು ಸಿನಿಮಾ ಬಂತು. ಡಬ್ಬಿಯ ಮೇಲಿನ ಹೆಸರನ್ನು ಎರಡೆರಡು ಸಲ ಓದಿದೆ. ಅದರಲ್ಲಿ ನನ್ನ ಅಮ್ಮ ಇದ್ದಾಳೆ. ಅಮ್ಮ ನಟಿಯಲ್ಲ, ಟೈಪಿಸ್ಟ್. ಅವಳ ಆಫೀಸಿನಲ್ಲಿ ಚಿತ್ರೀಕರಣ ನಡೆದಾಗ ಅಲ್ಲಿ ಕೆಲಸ ಮಾಡುವವರನ್ನೇ ಅವರವರ ಜಾಗದಲ್ಲಿ ಕೂರಿಸಿದ್ದರು. ನಾಯಕ ಕಿಟಕಿಯ ಬಳಿ ನಿಂತು ಮಾತಾಡುತ್ತಾನೆ. ಅವನ ಹಿಂದೆ, ಟ್ಯೂಬ್‌ಲೈಟಿನ ಕೆಳಗೆ, ಅಮ್ಮ ಟೈಪ್ ಮಾಡುತ್ತಾ ಒಮ್ಮೆ ತಲೆಯೆತ್ತುತ್ತಾಳೆ. ಒಟ್ಟು ಒಂಬತ್ತು ಸೆಕೆಂಡು. ಅದಾದ ಹತ್ತು ತಿಂಗಳಿಗೆ ರಕ್ತದ ಕಾಯಿಲೆ ಬಂದು ತೀರಿಕೊಂಡಳು. ನನಗಾಗ ಎರಡು ವರ್ಷ. ಮನೆಯಲ್ಲಿರುವ ಅವಳ ಫೋಟೊಗಳೆಲ್ಲ ಕಪ್ಪು-ಬಿಳುಪು.

ಆ ಒಂಬತ್ತು ಸೆಕೆಂಡು ನಮ್ಮ ಮನೆಯನ್ನು ಒಡೆದಿತ್ತು. ನನಗೆ ಹತ್ತು ವರ್ಷವಿದ್ದಾಗ ಆ ಸಿನಿಮಾ ಟೀವಿಯಲ್ಲಿ ಬಂತು. ನೋಡಲು ಅಮ್ಮನ ತಂಗಿ, ನನ್ನ ಚಿಕ್ಕಮ್ಮ, ಬಂದಿದ್ದಳು. ತೆರೆಯ ಮೇಲೆ ಅಮ್ಮ ತಲೆಯೆತ್ತಿದಾಗ ಮುಖ ಹಸಿರುಗಟ್ಟಿತ್ತು, ತುಟಿಯಲ್ಲಿ ಒಂದು ಹನಿ ರಕ್ತವಿರಲಿಲ್ಲ.

"ಎಷ್ಟು ಸೊರಗಿದಾಳೆ ನೋಡಿ ಭಾವ" ಎಂದಳು ಚಿಕ್ಕಮ್ಮ. "ಅಷ್ಟು ಮುಂಚೇನೇ ಕಾಯಿಲೆ ಮುಖದಲ್ಲಿ ಕಾಣ್ತಿತ್ತು. ಒಂದೇ ಮನೇಲಿದ್ದು ನಿಮಗೆ ಕಾಣಲಿಲ್ವಾ? ಆವತ್ತೇ ಡಾಕ್ಟರ ಹತ್ರ ಕರ್ಕೊಂಡು ಹೋಗಿದ್ರೆ ನಮ್ಮಕ್ಕ ಉಳೀತಿದ್ಲು."

"ಅವಳು ಚೆನ್ನಾಗೇ ಇದ್ಲು" ಎಂದರು ಅಪ್ಪ. ಅಷ್ಟೇ.

ಚಿಕ್ಕಮ್ಮ ಮತ್ತೆ ನಮ್ಮ ಹೊಸಿಲು ತುಳಿಯಲಿಲ್ಲ. ಅಪ್ಪ ಆ ಮಾತು ಎತ್ತಲಿಲ್ಲ. ನಾನು ಬಾಯಲ್ಲಿ ಅಪ್ಪನ ಕಡೆ, ಮನಸ್ಸಿನಲ್ಲಿ ಚಿಕ್ಕಮ್ಮನ ಕಡೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ನಿಜ. ಕಣ್ಣಾರೆ ಕಂಡಿದ್ದೆನಲ್ಲ.

ಲ್ಯಾಬಿನಲ್ಲಿ ಚಿತ್ರದ ಮೇಲಿನ ದೂಳು, ಗೀರು ತೆಗೆಯುವುದು ನನ್ನ ಪಾಲಿನ ಕೆಲಸ. ಆ ಜಾಗ ಬಂದಾಗ ಕೈ ನಿಂತುಹೋಯಿತು. ಮೇಷ್ಟ್ರು ಹಿಂದೆ ಬಂದು "ಯಾಕಮ್ಮ?" ಎಂದರು. ತಡೆಯಲಾಗದೆ ಎಲ್ಲ ಹೇಳಿಬಿಟ್ಟೆ. ಅವರು ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದರು.

"ನಿಮ್ಮಮ್ಮನ ಮುಖ ಬಿಡು. ಟೈಪ್‌ರೈಟರಿನಲ್ಲಿರೋ ಹಾಳೆ ನೋಡು. ಯಾವ ಬಣ್ಣ?"

ನೋಡಿದೆ. ಹಸಿರು.

"ಹಾಳೆಗೂ ಕಾಯಿಲೆ ಬಂದಿತ್ತಾ?"

ಇಷ್ಟು ವರ್ಷ ನಾವ್ಯಾರೂ ಆ ಹಾಳೆಯ ಕಡೆ ಕಣ್ಣು ಹಾಯಿಸಿರಲಿಲ್ಲ. ಮೇಷ್ಟ್ರು ಪಕ್ಕದ ಕುರ್ಚಿ ಎಳೆದುಕೊಂಡು ಕುಳಿತರು. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಹಸಿರು ಜಾಸ್ತಿ, ನಮ್ಮ ಕಣ್ಣು ಅದನ್ನು ಸರಿಮಾಡಿಕೊಂಡು ನೋಡುತ್ತದೆ, ಫಿಲ್ಮಿಗೆ ಆ ಬುದ್ಧಿಯಿಲ್ಲ, ಇದ್ದದ್ದನ್ನು ಇದ್ದ ಹಾಗೇ ಹಿಡಿಯುತ್ತದೆ ಎಂದರು. ಆಮೇಲೆ ಹಣೆಯ ಮೇಲಿದ್ದ ಕನ್ನಡಕ ಇಳಿಸಿದರು.

"ಈ ಪ್ರಿಂಟಿಗೆ ಬಣ್ಣ ಕೂರಿಸಿದ್ದು ನಾನೇ. ಆಗ ಒಂದು ಶಾಟಿಗೆ ಸೇರಿ ಒಂದೇ ಬಣ್ಣದ ಅಳತೆ, ಮೂಲೆಗೊಂದು ಅಂತ ಮಾಡೋಕಾಗ್ತಿರಲಿಲ್ಲ. ಹಿಂದೆ ಕೂತವರ ಹಸಿರು ತೆಗೆದ್ರೆ ಕಿಟಕಿ ಬಿಸಿಲಲ್ಲಿರೋ ನಾಯಕ ಗುಲಾಬಿ ಆಗ್ತಿದ್ದ. ಜನ ನೋಡೋದು ಅವನನ್ನ ತಾನೆ ಅಂತ ಹಿಂದಿನ ಮೇಜನ್ನ ಹಾಗೇ ಬಿಟ್ಟೆ."

ನನಗೆ ಕೋಪ ನೆತ್ತಿಗೇರಿತು. ಒಬ್ಬನ ಕೆನ್ನೆ ಕಾಪಾಡಲು ನಮ್ಮ ಮನೆಗೆ ಬೆಂಕಿಯಿಟ್ಟಿರಲ್ಲ ಎಂದುಬಿಟ್ಟೆ. ಅವರು ಕುರ್ಚಿ ಮುಂದೆಳೆದು ಕೆಲಸಕ್ಕೆ ಕುಳಿತರು. ಈಗ ಕಂಪ್ಯೂಟರಿನಲ್ಲಿ ಕಿಟಕಿಯನ್ನು ಮುಟ್ಟದೆ ಮೇಜನ್ನಷ್ಟೇ ಸರಿಮಾಡಬಹುದು. ಗುಂಡಿ ತಿರುಗಿಸುತ್ತಾ ಹೋದರು. ಹಾಳೆಯ ಹಸಿರು ಇಳಿಯತೊಡಗಿತು. ಹಾಳೆ ಬೆಳ್ಳಗಾದ ಮೇಲೂ ಅಮ್ಮನ ಮುಖ ಬಿಳಿಚಿಕೊಂಡೇ ಉಳಿದರೆ?

"ಮೇಷ್ಟ್ರೇ, ಒಂಚೂರು ಕೆಂಪು ಜಾಸ್ತಿ ಹಾಕಿಬಿಡಿ. ಯಾರಿಗೆ ಗೊತ್ತಾಗುತ್ತೆ" ಎಂದೆ.

"ನಾನು ಮುಖ ಮುಟ್ಟಲ್ಲ ಕಣಮ್ಮ. ಹಾಳೆ ಬಿಳಿ ಆಗೋವರೆಗೆ ಅಷ್ಟೇ. ಅದಕ್ಕಿಂತ ಒಂದು ಎಳೆ ಹೆಚ್ಚು ಹಾಕಿದ್ರೂ ಅದು ನಿಮ್ಮಮ್ಮನ ಮುಖ ಅಲ್ಲ, ನಾನು ಬಳಿದ ಮುಖ."

ಹಾಳೆ ಬೆಳ್ಳಗಾಯಿತು. ಅವರ ಕೈ ನಿಂತಿತು. ಅಮ್ಮ ತಲೆಯೆತ್ತಿದಳು. ಕೆನ್ನೆಯಲ್ಲಿ ರಕ್ತ ತುಂಬಿ ತುಳುಕುತ್ತಿತ್ತು, ಕಿವಿಯ ತುದಿ ಕೂಡ ಕೆಂಪಗಿತ್ತು. ಕ್ಯಾಮೆರಾ ಮುಂದೆ ಕೂತ ನಾಚಿಕೆ ಇರಬೇಕು. ನಾನು ಬೂದು ಕೋಟಿನ ತೋಳಿನಲ್ಲೇ ಮೂಗು ಒರೆಸಿಕೊಂಡೆ. ಮೇಷ್ಟ್ರು ಬೈಯಲಿಲ್ಲ.

ಮರುವಾರ ಅಪ್ಪನನ್ನೂ ಚಿಕ್ಕಮ್ಮನನ್ನೂ ಕರೆದುಕೊಂಡು ಬಂದೆ. ಇಬ್ಬರೂ ಒಂದೊಂದು ಮೂಲೆ ಹಿಡಿದು ಕುಳಿತರು. ಮೇಷ್ಟ್ರು ಮೊದಲು ಹಳೆಯದನ್ನು ತೋರಿಸಿದರು, ಹಾಳೆಯ ಮೇಲೆ ಬೆರಳಿಟ್ಟರು, ಆಮೇಲೆ ಹೊಸದನ್ನು ಹಾಕಿದರು.

"ನಿಮ್ಮಕ್ಕ ಆವತ್ತು ಆರೋಗ್ಯವಾಗೇ ಇದ್ರು ತಾಯಿ" ಎಂದರು ಚಿಕ್ಕಮ್ಮನಿಗೆ. "ತೆರೆ ಮೇಲೆ ಕಾಯಿಲೆ ಬರಿಸಿದ್ದು ನಾನು. ತಪ್ಪಾಯ್ತು."

ಚಿಕ್ಕಮ್ಮ ಸೆರಗು ಬಾಯಿಗೊತ್ತಿಕೊಂಡಳು. ಆಮೇಲೆ ಅಪ್ಪನ ಕಡೆ ತಿರುಗಿ, "ನಾನು ಆಡಬಾರದ ಮಾತಾಡಿಬಿಟ್ಟೆ ಭಾವ" ಎಂದಳು.

ಅಪ್ಪ ತೆರೆಯಿಂದ ಕಣ್ಣು ಕೀಳಲಿಲ್ಲ. "ನೀನು ಅಂದಿದ್ದನ್ನ ನಾನೂ ನಂಬಿದ್ದೆ ಕಣಮ್ಮ. ನನಗೆ ನೆನಪಿದ್ದ ಮುಖ ಇದೇ. ಆದ್ರೆ ನನ್ನ ತಪ್ಪು ಮುಚ್ಚಿಕೊಳ್ಳೋಕೆ ಮನಸ್ಸೇ ಅದಕ್ಕೆ ಬಣ್ಣ ಹಚ್ಚಿಕೊಂಡಿದೆ ಅಂದ್ಕೊಂಡು, ಅವಳನ್ನ ನೆನಸ್ಕೊಳ್ಳೋದನ್ನೇ ಬಿಟ್ಟಿದ್ದೆ."

ಎದ್ದು ಹೋಗಿ ಮೇಷ್ಟ್ರ ಎರಡೂ ಕೈ ಹಿಡಿದುಕೊಂಡರು.

"ಇನ್ನೊಂದು ಸಲ ಹಾಕ್ತೀರಾ ಸರ್?" ಎಂದಷ್ಟೇ ಕೇಳಿದರು. ಮೇಷ್ಟ್ರು ಹಾಕಿದರು.