ವಾಸನೆ ಹೋದ ಬೇಸಿಗೆ

ಆ ದಿನಗಳಲ್ಲಿ ನಾನು ಮನೆಯ ಯಾವ ಮೂಲೆಯಲ್ಲಿದ್ದೇನೆಂದು ಯಾರೂ ಕೂಗಿ ಕೇಳಬೇಕಿರಲಿಲ್ಲ. ನನ್ನ ಉಸಿರೇ ಹೇಳುತ್ತಿತ್ತು. ಸದಾ ಕಟ್ಟಿದ ಮೂಗು, ತೆರೆದ ಬಾಯಿ, ಮಲಗಿದರೆ ಗೊರಕೆ. ಶಹರದ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ನಮ್ಮದು ಎರಡು ಕೋಣೆಯ ಮನೆ. ನಾನು ಹಾಸಿಗೆಗೆ ಬಿದ್ದೊಡನೆ ಅಪ್ಪ, "ಗಿರಣಿ ಚಾಲೂ ಆತು, ಜೋಳ ತರ್ರಿ" ಎಂದು ಎಲ್ಲರನ್ನೂ ನಗಿಸುತ್ತಿದ್ದ.

ಮೂಗಿನೊಳಗೆ ಮಾಂಸ ಬೆಳೆದಿದೆ, ತೆಗೆಯಬೇಕು ಎಂದರು ಡಾಕ್ಟರು. ನಾಲ್ಕನೇ ಇಯತ್ತೆಯ ಪರೀಕ್ಷೆ ಮುಗಿದ ಮೇಲೆ ಆಪರೇಷನ್ ಆಯಿತು. ಎಚ್ಚರವಾದಾಗ ಗಂಟಲಲ್ಲಿ ರಕ್ತದ ರುಚಿ, ಮುಖದ ನಡುವೆ ದಪ್ಪ ಪಟ್ಟಿ. ನೋಡಲು ಬಂದ ಆಯಿ, ಅಂದರೆ ಅವ್ವನ ಅವ್ವ, "ಮೂಗಿಗಿಂತ ಮೂಗುತಿ ಭಾರ ಆತಲ್ಲ ನನ್ನ ಕೂಸಿಗೆ" ಎಂದು ನಗಲು ಹೋಗಿ ಅತ್ತಳು. ಒಳಗೆ ತುರುಕಿದ್ದ ಬಟ್ಟೆಯ ಪಟ್ಟಿಯನ್ನು ನರ್ಸು ಎಳೆದ ದಿನ ಇನ್ನೂ ನೆನಪಿದೆ. ಎಳೆದಷ್ಟೂ ಬರುತ್ತಿತ್ತು. ಮಿದುಳೇ ಬಿಚ್ಚಿಕೊಂಡು ಬರುತ್ತಿದೆ ಎಂದು ಚೀರಿದೆ. ಆಮೇಲೆ, ಹುಟ್ಟಿದ ಮೇಲೆ ಮೊದಲ ಸಲ, ಎರಡೂ ಹೊಳ್ಳೆಗಳಲ್ಲಿ ಗಾಳಿ ತಣ್ಣಗೆ ಆಡಿತು.

ಧೂಳು, ಹೊಗೆ ತಾಗಬಾರದು ಎಂದು ಡಾಕ್ಟರು ಹೇಳಿದ್ದಕ್ಕೆ ಆಯಿ ನನ್ನನ್ನು ತನ್ನೂರು ಹೊನವಾಡಕ್ಕೆ ಕರೆದೊಯ್ದಳು. ದಾರಿಯಲ್ಲಿ ತಿಕೋಟಾ ದಾಟಿದರೆ ದ್ರಾಕ್ಷಿ ಒಣಗಿಸುವ ಶೆಡ್ಡುಗಳು. ಪ್ರತಿ ಬೇಸಿಗೆ ಆ ಹುಳಿಸಿಹಿ ವಾಸನೆ ನನ್ನ ಕಟ್ಟಿದ ಮೂಗನ್ನೂ ದಾಟಿ ಬರುತ್ತಿತ್ತು. ಈ ಸಲ ಬಸ್ಸಿನ ಕಿಟಕಿಗೆ ಮುಖವಿಟ್ಟರೂ ಬರಲಿಲ್ಲ. ಗಾಯ ಹಸಿಯಿದೆ, ಅದಕ್ಕೇ ಎಂದುಕೊಂಡೆ. ಊರಿನಲ್ಲಿ ಆಯಿ ಬಿಸಿ ರೊಟ್ಟಿಗೆ ಗುರೆಳ್ಳಿನ ಚಟ್ನಿಪುಡಿ, ಬೆಣ್ಣೆ ಹಾಕಿ ಕೊಟ್ಟಳು. ಉಪ್ಪು ಗೊತ್ತಾಯಿತು, ಖಾರ ಗೊತ್ತಾಯಿತು, ಉಳಿದದ್ದು ಮಣ್ಣು. ರಾತ್ರಿ ಅವಳ ಸೆರಗನ್ನು ಮೂಗಿಗೆ ಒತ್ತಿಕೊಂಡು ಮಲಗುವುದು ನನ್ನ ಹಳೇ ಚಟ. ಎಲೆಅಡಿಕೆ, ವಿಭೂತಿ, ಜೋಳದ ಹಿಟ್ಟು, ಒಲೆಯ ಹೊಗೆ ಎಲ್ಲ ಸೇರಿದ ವಾಸನೆ ಅದು. ಅದೂ ಇರಲಿಲ್ಲ. ನನಗೆ ಹೆದರಿಕೆಯಾಯಿತು, ಹೇಳಲಿಲ್ಲ.

ನಾನು ಊಟ ಬಿಟ್ಟಿದ್ದನ್ನು ನೋಡಿ, ಇದು ದೃಷ್ಟಿಯೇ ಎಂದು ಆಯಿ ತೀರ್ಮಾನಿಸಿದಳು. ಒಂದು ಸಂಜೆ ನನ್ನನ್ನು ಹೊಸ್ತಿಲ ಬಳಿ ಕೂರಿಸಿ ಉಪ್ಪು, ಸಾಸಿವೆ, ಕಸಬರಿಗೆಯ ಕಡ್ಡಿ, ನನ್ನ ತಲೆಯ ನಾಲ್ಕು ಕೂದಲು ನಿವಾಳಿಸಿ ಕೆಂಡಕ್ಕೆ ಹಾಕಿದಳು. ಒಣಮೆಣಸಿನಕಾಯಿ ಮಾತ್ರ ಬಿಟ್ಟಳು. ಡಾಕ್ಟರ ಮಾತಿಗೆ ಅವಳು ಕೊಟ್ಟ ಮರ್ಯಾದೆ ಅಷ್ಟು. ದೃಷ್ಟಿಯಾಗಿದ್ದರೆ ಏನು ಸುಟ್ಟರೂ ವಾಸನೆ ಏಳುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಅವಳಿಗೋ ನೆಗಡಿ ಹಿಡಿದಿತ್ತು. ನನ್ನನ್ನೇ ಕೇಳಿದಳು.

"ವಾಸನಿ ಬಂತೇನ ಬೇ?"

"ಇಲ್ಲ ಆಯಿ."

"ಖರೇ ಹೇಳು."

"ಖರೇನ. ಏನೂ ಬರವಲ್ದು."

"ಅಂದೆ ಇಲ್ಲ ನಾ! ಎಂಥಾ ದೃಷ್ಟಿ ಆಗಿತ್ತು ನೋಡು. ಇನ್ನ ಆರಾಮ ಆಗ್ತಿ." ಆಯಿಯ ಮುಖ ಅರಳಿತ್ತು.

ಅಷ್ಟರಲ್ಲಿ ಮಾಮಾನ ಹೆಂಡತಿ ಶಾಂತಾ ಅತ್ತಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿತ್ತಲಿನಿಂದ ಬಂದಳು. "ಏನ ಸುಡಾಕತ್ತೀರಿ ಅತ್ಯಾರ? ಕೂದಲೇನು? ಓಣಿ ತುಂಬ ನಾರಾಕತ್ತೈತಿ!"

ಆಯಿ ಕೆಂಡವನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಕೆಂಡಕ್ಕೆ ನೀರು ಹೊಯ್ದಳು.

ಮರುದಿನದಿಂದ ಒಂದು ಆಟ ಶುರುವಾಯಿತು. "ಕಣ್ಣ ಮುಚ್ಚು. ಇದೇನ ಹೇಳು?" ಬೆಳ್ಳುಳ್ಳಿ, ಇಂಗು, ಮಲ್ಲಿಗೆ, ಒಮ್ಮೆ ಸೀಮೆಎಣ್ಣೆಯೂ. ಮೊದಮೊದಲು "ಸೋತಿ, ಸೋತಿ!" ಎಂದು ನಗುತ್ತಿದ್ದಳು. ಬರಬರುತ್ತ ಆ ನಗೆ ನಿಂತುಹೋಯಿತು. ಒಂದು ಮಧ್ಯಾಹ್ನ ಮೆತ್ತನೆಯದೇನೋ ಮುಖಕ್ಕೆ ತಾಗಿತು.

"ಇದನ್ನರ ಹೇಳವ್ವಾ."

ಗೆಲ್ಲಬೇಕೆಂಬ ಆಸೆ ನನಗೆ. "ಟಾವೆಲ್ಲ!" ಎಂದೆ.

"ಹೂಂ. ಟಾವೆಲ್ಲನ. ಗೆದ್ದಿ ನೋಡು" ಎಂದಳು. ಕಣ್ಣು ತೆರೆದಾಗ ಆಯಿ ತನ್ನ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು. ಆಟ ಅಲ್ಲಿಗೆ ಮುಗಿಯಿತು.

ಕೆಲವರಿಗೆ ಮರಳಿ ಬರುತ್ತದೆ, ಕೆಲವರಿಗೆ ಇಲ್ಲ ಎಂದು ಆಮೇಲೆ ಡಾಕ್ಟರು ಹೇಳಿದರು. ನನಗೆ ಬರಲಿಲ್ಲ. ಇವತ್ತಿಗೂ ಹಾಲು ಹೊತ್ತಿದ್ದನ್ನು ಪಕ್ಕದ ಮನೆಯವರು ಬಂದು ಹೇಳಬೇಕು. ಎಳೆಗೂಸಿನ ನೆತ್ತಿಯ ವಾಸನೆಯನ್ನು ಹೆಂಗಸರು ಹೊಗಳುವಾಗ ನಾನೂ ಮಗಳನ್ನು ಎತ್ತಿ ಮೂಸಿದ್ದೇನೆ. ಬೆಚ್ಚಗಿತ್ತು, ಅಷ್ಟೇ.

ಹೋದ ವರ್ಷ ಆಯಿ ತೀರಿಕೊಂಡಳು. ದಿನಕರ್ಮ ಮುಗಿದ ಮೇಲೆ ಹೊನವಾಡದ ಮನೆಯಲ್ಲಿ ಅವಳ ಟ್ರಂಕು ತೆರೆದರು. ಅವ್ವ ಒಂದು ಇಳಕಲ್ ಸೀರೆಗೆ ಮುಖವಿಟ್ಟು, "ನಮ್ಮವ್ವನ ವಾಸನಿ ಇನ್ನಾ ಹಂಗ ಐತಿ" ಎಂದು ಗೋಳಾಡಿದಳು. ಸೀರೆ ಶಾಂತಾ ಅತ್ತಿಯ ಕೈಗೆ ಹೋಯಿತು. ಅವಳೂ ಮೂಸಿ ಅತ್ತಳು. ಆಮೇಲೆ ನನ್ನ ಮಡಿಲಿಗೆ ಬಂತು.

ಸೆರಗನ್ನು ಹುಡುಕಿ ತೆಗೆದು ಮುಖಕ್ಕೆ ಒತ್ತಿಕೊಂಡೆ. ಎದೆ ತುಂಬ ಉಸಿರೆಳೆದೆ. ಎರಡೂ ಹೊಳ್ಳೆಗಳಲ್ಲಿ ಗಾಳಿ ಸಲೀಸಾಗಿ ಹರಿಯಿತು. ಗಾಳಿ ಮಾತ್ರ.

ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. "ಬಂತೇನವ್ವಾ?"

"ಹೂಂ" ಎಂದೆ. "ಆಯಿನ."