ಸ್ವೀಡನ್ನಿನ ಇತಿಹಾಸಕಾರ ಮತ್ತು ಅಮ್ಮನ ಕೊರಳ ಚಿನ್ನ

ಅವರು ಎಂದು ಬರೆಯಲು ಕೈ ಏಳುವುದಿಲ್ಲ, ಅವನು ಎಂದೇ ಬರೆಯುತ್ತೇನೆ. ಸ್ವೀಡನ್ನಿನಲ್ಲಿ ಅವನ ಪುಸ್ತಕವಿಲ್ಲದ ಮನೆಯೇ ಇಲ್ಲವಂತೆ. ಚಿಕ್ಕ ಊರಿನಲ್ಲಿ ಇತಿಹಾಸದ ಮೇಷ್ಟ್ರಾಗಿದ್ದವನು ಟಿವಿಗೆ ಬಂದ, ರಾಜರ ಕತೆ, ಯುದ್ಧದ ಕತೆ ಹೇಳಿ ಹೆಸರು ಮಾಡಿದ, ಆಮೇಲೆ ರಾಜರನ್ನು ಬಿಟ್ಟು ಬಡವರನ್ನು ಹಿಡಿದುಕೊಂಡ. ಅಧ್ಯಾಯಕ್ಕೊಬ್ಬ ಸಾಮಾನ್ಯ ಮನುಷ್ಯ, ಆ ಒಬ್ಬನ ಬದುಕಿನಲ್ಲೇ ಇಡೀ ಕಾಲದ ಚರಿತ್ರೆ. ಇದು ಅವನ ಪದ್ಧತಿ. ಇದನ್ನೆಲ್ಲ ನಾನು ಬಾಯಿಪಾಠ ಒಪ್ಪಿಸಬಲ್ಲೆ, ಯಾಕೆಂದರೆ ಸಭೆಗಳಲ್ಲಿ ಅವನನ್ನು ಪರಿಚಯಿಸುವ ಮಾತು ಬರೆದವಳು ನಾನೇ. ಹೊರದೇಶದ ಲೇಖಕರ ಕಾರ್ಯಕ್ರಮ ಏರ್ಪಡಿಸುವ ಕಂಪನಿಯಲ್ಲಿ ನನಗೆ ಕೆಲಸ, ಆಫೀಸು ಇಲ್ಲೇ ಗಲ್ಫಿನಲ್ಲಿ, ಸಿಲಿಕಾನ್ ಓಯಸಿಸ್‌ನಲ್ಲಿ. ಅವನು ಇಲ್ಲಿದ್ದಷ್ಟು ದಿನ ಹಿಂದೆ ಮುಂದೆ ಓಡಾಡುವ ಕರ್ಮ ನನ್ನ ತಲೆಗೆ ಬಿತ್ತು.

ಮೊದಲ ಸಭೆಯಲ್ಲಿ ತನ್ನ ಅಪ್ಪ ಮರ ಕಡಿಯುತ್ತಿದ್ದ ಅಂದ, ಜನ ಮರುಗಿದರು. ಮುಂದಿನ ಸಭೆಯಲ್ಲಿ ಅದೇ ಅಪ್ಪ ಮೀನು ಹಿಡಿಯುವವನಾದ. ಇದೆಂಥದು ಅಂತ ಕಾರಿನಲ್ಲಿ ಕೇಳಿದೆ. ಊರಲ್ಲಿ ಕಾಡೂ ಇತ್ತು, ಸರೋವರವೂ ಇತ್ತು, ಕೇಳುವವರಿಗೆ ಯಾವುದು ಹಿಡಿಸುತ್ತದೋ ಅದನ್ನು ಹೇಳುತ್ತೇನೆ ಎಂದು ನಕ್ಕ. ಸ್ವಂತ ಅಪ್ಪನನ್ನೇ ಬಿಡದವನು ಬೇರೆಯವರ ಅಮ್ಮನನ್ನು ಬಿಡುತ್ತಾನಾ? ಆಗ ನನಗೆ ಅದು ಹೊಳೆಯಲೇ ಇಲ್ಲ.

ಗಲ್ಫಿನ ಬಗ್ಗೆ ಹೊಸ ಪುಸ್ತಕ ಬರೆಯುತ್ತಿದ್ದ ಅವನಿಗೆ ಹಿಂದಿನ ಕಾಲದಲ್ಲಿ ಇಲ್ಲಿಗೆ ದುಡಿಯಲು ಬಂದ ಹೆಂಗಸೊಬ್ಬಳು ಬೇಕಿತ್ತು. ನನ್ನ ಅಮ್ಮ ಮಂಗಳೂರಿನಿಂದ ಬಂದು ದೇರಾದ ಒಂದು ಅರಬಿ ಮನೆಯಲ್ಲಿ ವರ್ಷಗಟ್ಟಲೆ ಮಕ್ಕಳನ್ನು ನೋಡಿಕೊಂಡವಳು. ಈಗ ಅಲ್ ಬರ್ಷಾದಲ್ಲಿ ನನ್ನ ಜೊತೆ ಇದ್ದಾಳೆ. ಅವನ ವಿಷಯ ಹೇಳಿದ್ದೇ ತಡ, ಪಾಪ, ಊಟಕ್ಕೆ ಕರ್ಕೊಂಡು ಬಾ ಅಂದಳು. ಬಂದ. ಯಾರೂ ಹೇಳದೆ ಬಾಗಿಲಲ್ಲೇ ಶೂ ಬಿಚ್ಚಿದ, ಅವರ ದೇಶದಲ್ಲೂ ಹಾಗೇ ಅಂತೆ. ಅಮ್ಮ ಅಲ್ಲಿಗೇ ಸೋತಳು. ಕೋರಿ ರೊಟ್ಟಿ ಚಪ್ಪರಿಸಿ ತಿಂದ. ಎಪ್ಪತ್ತು ದಾಟಿದ ನನ್ನ ಅಮ್ಮನನ್ನು ಬರೀ ಹೆಸರು ಹಿಡಿದು ಕರೆದ. ಅವರಲ್ಲಿ ಪ್ರಧಾನಿಯನ್ನೂ ಹಾಗೇ ಕರೆಯುತ್ತಾರಂತೆ. ಕರೆಯಲಿ, ಪ್ರಧಾನಿ ಅವರದು.

ಗೋಡೆಯ ಮೇಲಿನ ಫೋಟೋ ಅವನ ಕಣ್ಣಿಗೆ ಬಿತ್ತು. ಪ್ರಾಯದ ಅಮ್ಮ, ಸ್ಟುಡಿಯೋದಲ್ಲಿ, ಕೊರಳಲ್ಲಿ ದಪ್ಪ ಚಿನ್ನದ ಸರ, ಕಿವಿಯಲ್ಲಿ ಝುಮ್ಕಿ. ನಮ್ಮ ಕರಾವಳಿಯಲ್ಲಿ ಗಲ್ಫಿನವರಿದ್ದ ಯಾವ ಮನೆಗೂ ಇಂಥ ಫೋಟೋ ಹೊಸತಲ್ಲ. ಗಂಡಸರಾದರೆ ಗೆಳೆಯನ ಕೂಲಿಂಗ್ ಗ್ಲಾಸು, ಇನ್ಯಾರದೋ ಟೂ-ಇನ್-ಒನ್ ರೇಡಿಯೋ. ಹೆಂಗಸರಾದರೆ ಎರವಲು ಚಿನ್ನ. ಶುಕ್ರವಾರ ರಜೆ ಸಿಕ್ಕಾಗ ಅಮ್ಮ ಅಲ್ ಮುರಕ್ಕಬಾತ್‌ನಲ್ಲಿದ್ದ ಊರಿನ ನರ್ಸುಗಳ ರೂಮಿಗೆ ಹೋಗುತ್ತಿದ್ದಳು. ಅಲ್ಲಿ ಒಬ್ಬಳ ಹತ್ತಿರ ಒಂದು ಚಿನ್ನದ ಸೆಟ್ ಇತ್ತು. ಫೋಟೋ ತೆಗೆಸಲು ಹೊರಟವರೆಲ್ಲ ಅದನ್ನೇ ಹಾಕಿಕೊಳ್ಳುತ್ತಿದ್ದರು. ನಾನಿಲ್ಲಿ ಚೆನ್ನಾಗಿದ್ದೇನೆ, ನೀವು ಅಳಬೇಡಿ ಎಂದು ಊರಿಗೆ ಹೇಳುವ ಬಗೆ ಅದು. ಯಾರ ಚಿನ್ನ ಎಂದು ಹೊರಗಿನವರಿಗೆ ಮಾತ್ರ ಹೇಳಬಾರದು, ಅದು ರೂಮಿನವರ ನಡುವಿನ ಮಾತು.

ಈ ಚಿನ್ನ ನಿನ್ನದಾ ಎಂದು ಅವನು ಕೇಳಿದ. ಅಲ್ಲ ಅಂದಳು ಅಮ್ಮ. ಕೆಲಸದ ಮನೆಯಲ್ಲಿ ಕಲಿತ ಇಂಗ್ಲಿಷ್ ಅವಳಿಗೆ ಬೇಕಾದಷ್ಟುಂಟು. ಮತ್ತೆ ಯಾರದು ಅಂದರೆ ಸೆರಗು ಬಾಯಿಗೆ ಹಿಡಿದು ನಕ್ಕಳು, ಹೇಳಲಿಲ್ಲ. ನಾನು ಚಹಾ ಸೋಸಿಕೊಂಡು ಬರುವಷ್ಟರಲ್ಲಿ ಅವನು ಮೊಬೈಲಿನಲ್ಲಿ ಆ ಫೋಟೋವನ್ನು ಹೊಡೆದುಕೊಂಡಾಗಿತ್ತು.

ಕೊನೆಯ ಸಭೆ ಅಬುಧಾಬಿಯಲ್ಲಿ. ತನ್ನ ಬಗ್ಗೆಯೂ ಮಾತಾಡುತ್ತಾನಂತೆ ಎಂದು ಅಮ್ಮ ರೇಷ್ಮೆ ಸೀರೆ ಉಟ್ಟು ಬಂದಳು. ಇಗರ್ಜಿಯ ಇಬ್ಬರು ಗೆಳತಿಯರನ್ನೂ ಹೊರಡಿಸಿದ್ದಳು. ಮೂವರೂ ಮುಂದಿನ ಸಾಲಿನಲ್ಲಿ ಕೂತರು. ಪರದೆಯ ಮೇಲೆ ಗೋಡೆಯಷ್ಟು ದೊಡ್ಡ ಅಮ್ಮ ಬಂದಳು. ಅವನು ದನಿ ತಗ್ಗಿಸಿದ. ಮನೆಕೆಲಸದ ಬಡ ಹುಡುಗಿಯ ಕೊರಳಿಗೆ ಇಷ್ಟು ಚಿನ್ನ ಎಲ್ಲಿಂದ ಬಂತು? ಕೇಳಿದಾಗ ಈಕೆ ನಾಚಿ ನಕ್ಕಳು. ಬಹುಶಃ ಮನೆಯ ಯಜಮಾನ ಕೊಟ್ಟಿರಬೇಕು, ಬಹುಶಃ ಹೇಳಿಕೊಳ್ಳಲಾಗದ ಪ್ರೀತಿಯೊಂದು ಅಲ್ಲಿತ್ತು. ಜನ ಚಪ್ಪಾಳೆ ತಟ್ಟಿದರು. ಗೆಳತಿಯರಲ್ಲಿ ಒಬ್ಬಳು ಅಮ್ಮನ ಕಡೆ ನೋಡಿ, ಕೂಡಲೇ ತನ್ನ ಬ್ಯಾಗಿನೊಳಗೆ ಏನೋ ಹುಡುಕತೊಡಗಿದಳು. ಮರ್ಯಾದೆಯೊಂದನ್ನೇ ಹಿಡಿದು ಇಲ್ಲಿ ಬಾಳಿದವಳು ನನ್ನ ಅಮ್ಮ.

ಸಭೆ ಮುಗಿದ ಮೇಲೆ ಹಿಂದಿನ ಕೋಣೆಯಲ್ಲಿ ಅವನನ್ನು ಹಿಡಿದೆ. ಆ ಸೆಟ್ಟಿನ ಕತೆ ಪೂರ್ತಿ ಹೇಳಿದೆ, ಇನ್ನು ಎಲ್ಲಿಯೂ ಹಾಗೆ ಹೇಳಬೇಡ, ಪುಸ್ತಕದಲ್ಲೂ ಬರೆಯಬೇಡ ಅಂದೆ. ಅವನಿಗೆ ನಾಚಿಕೆಯಾಗಲಿಲ್ಲ, ಬೇಸರವಾಯಿತು. ಎರವಲು ಚಿನ್ನದಲ್ಲಿ ಏನು ಮಹಾ ಉಂಟು ಎಂಬ ಹಾಗೆ ನನ್ನನ್ನು ನೋಡಿದ.

"ನಾನು ಬಹುಶಃ ಅಂದಿದ್ದೇನಲ್ಲ," ಅಂದ. "ಓದುವವರು ನಿನ್ನ ಅಮ್ಮನನ್ನು ತುಂಬ ಪ್ರೀತಿಸುತ್ತಾರೆ."

ಮೈಯೆಲ್ಲ ಉರಿದುಹೋಯಿತು. ಕಳ್ಳ ಅಂದೆ, ಮಾನಗೆಟ್ಟವನೇ ಅಂದೆ, ಇಂಗ್ಲಿಷ್ ಸಾಲದೆ ತುಳುವಿನಲ್ಲೂ ಬೈದೆ. ಹೊರಗೆ ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳಲು ನಿಂತವರಿಗೆಲ್ಲ ಕೇಳಿಸಿತು, ಅಮ್ಮನಿಗೂ. ನಮ್ಮ ಮ್ಯಾನೇಜರ್ ಖಲಾಸ್, ಖಲಾಸ್, ಸಾಕು ನಿಲ್ಲಿಸು ಎನ್ನುತ್ತ ಬಂದು ನನ್ನನ್ನು ಆಚೆ ಎಳೆದ. ಅವನು ಅಂಗಿ ಸರಿಮಾಡಿಕೊಂಡು ಸಹಿ ಹಾಕಲು ಹೋದ. ಇಂದಿಗೂ ಅವನ ಹೆಸರು ಕೇಳಿದರೆ ಹಲ್ಲು ಕಡಿಯುತ್ತೇನೆ.

ವಾಪಸ್ಸು ಬರುವಾಗ ಹಿಂದಿನ ಸೀಟಿನಲ್ಲಿ ಗೆಳತಿಯರು ಟ್ರಾಫಿಕ್ ಬಗ್ಗೆ ಮಾತ್ರ ಮಾತಾಡಿದರು. ಅವರನ್ನು ಇಳಿಸಿ ಮನೆಗೆ ಬಂದೆವು. ಅಮ್ಮ ಸೀರೆಯನ್ನೂ ಬದಲಿಸದೆ ಸೋಫಾದಲ್ಲಿ ಕೂತಳು.

"ಆ ಚಿನ್ನ ಯಾರದಂತ ನಿಂಗೆ ಗೊತ್ತುಂಟಲ್ಲ?" ಎಂದು ಕೇಳಿದಳು.

ಗೊತ್ತುಂಟು, ನಾನು ಸಣ್ಣವಳಿರುವಾಗಲೇ ನೀನೇ ಹೇಳಿದ್ದಿ ಅಂದೆ.

"ಮತ್ತೆ ಅಷ್ಟು ಬೊಬ್ಬೆ ಯಾಕೆ ಹಾಕಿದ್ದು ಮಗಾ? ಸುಳ್ಳು ಅಂತ ಗೊತ್ತಿದ್ರೆ ನಗಾಡ್ತಿದ್ದಿ."

ಅಲ್ಲಮ್ಮ, ಅವನ ಮಾತನ್ನು ನಾನು ನಂಬಲೇ ಇಲ್ಲ ಎಂದು ಅವಳ ಕಾಲ ಬಳಿ ಕೂತು ಹೇಳಿದೆ. ಹೇಳಿದಷ್ಟೂ ಅವಳು ಇನ್ನಷ್ಟು ಅನುಮಾನದಿಂದ ನನ್ನ ಮುಖ ನೋಡಿದಳು.